ಡಾಕ್ಟರ್ ಹೂ: ಅಭಿಮಾನಿಗಳು ಉಳಿಸಿಕೊಂಡ ಧಾರಾವಾಹಿ

ಅಭಿಮಾನಿ ಎಂದಾಕ್ಷಣ ನಮ್ಮ ಕಣ್ಮುಂದೆ ಬರುವುದು ಚಿತ್ರಮಂದಿರದ ಎದುರಿನ ಕಟೌಟ್, ಅದರ ಮೇಲೆ ಸುರಿಯುವ ಹಾಲು, ಪಟಾಕಿ. ಟಿ.ವಿ. ಧಾರಾವಾಹಿಯ ಅಭಿಮಾನಿಗಂತೂ ಅಷ್ಟು ಮರ್ಯಾದೆಯೂ ಇಲ್ಲ. ಅದರಲ್ಲೂ ಬಾಹ್ಯಾಕಾಶ, ಕಾಲಯಾನ, ಯಂತ್ರಮಾನವ ಎಂದೆಲ್ಲ ಇರುವ ವಿಜ್ಞಾನ ಕಥೆಗಳ ಧಾರಾವಾಹಿಯನ್ನು ಮೀಸೆ ಬಂದ ಮೇಲೂ ಬಿಡದೆ ನೋಡುವವನನ್ನು ಮನೆಯವರೇ ಗೇಲಿ ಮಾಡುತ್ತಾರೆ. ಈ ಗೇಲಿ ಎಲ್ಲ ದೇಶಗಳಲ್ಲೂ ಇದೆ. ಬ್ರಿಟನ್ನಿನಲ್ಲಿಯೂ ಇತ್ತು. ಆದರೆ ಅಲ್ಲಿ ಹೀಗೆ ಗೇಲಿಗೊಳಗಾದ ಹುಡುಗರು ಒಂದು ದೊಡ್ಡ ಸಂಸ್ಥೆ ತನ್ನ ಕೈಯಾರೆ ನಾಶ ಮಾಡಿದ್ದನ್ನು ಉಳಿಸಿಕೊಟ್ಟರು. ಆ ಇತಿಹಾಸದ ಆರಂಭದಲ್ಲೇ ಲಖ್ನೋದ ಒಬ್ಬ ಮುಸ್ಲಿಮ್ ಯುವಕ ನಿಂತಿದ್ದಾನೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

1963ರ ನವೆಂಬರ್ 23, ಶನಿವಾರ ಸಂಜೆ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಜಗತ್ತೆಲ್ಲ ಆ ಸುದ್ದಿಯಲ್ಲಿ ಮುಳುಗಿದ್ದಾಗ ಬಿಬಿಸಿಯಲ್ಲಿ 'ಡಾಕ್ಟರ್ ಹೂ' ಎಂಬ ಹೊಸ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು. ಯಾರ ಗಮನಕ್ಕೂ ಬರದೆ ಹೋಗಬಾರದೆಂದು ಮುಂದಿನ ಶನಿವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನೇ ಮತ್ತೊಮ್ಮೆ ತೋರಿಸಬೇಕಾಯಿತು. ಕಥೆ ಸರಳ. ರಸ್ತೆ ಬದಿಯಲ್ಲಿ ನಿಲ್ಲಿಸುವ ಪೊಲೀಸ್ ದೂರವಾಣಿಯ ನೀಲಿ ಪೆಟ್ಟಿಗೆಯೊಂದಿದೆ. ಹೊರಗಿನಿಂದ ನೋಡಿದರೆ ಇಬ್ಬರು ನಿಲ್ಲುವಷ್ಟು ಜಾಗ, ಒಳಗೆ ಹೋದರೆ ಬೃಹತ್ತಾದ ಯಂತ್ರಶಾಲೆ. ಅದರಲ್ಲಿ ಒಬ್ಬ ಸಿಡುಕು ಮುದುಕ ತನ್ನ ಸಂಗಡಿಗರೊಂದಿಗೆ ಕಾಲದ ಹಿಂದಕ್ಕೂ ಮುಂದಕ್ಕೂ ಪ್ರಯಾಣಿಸುತ್ತಾನೆ. ಹಿಂದಕ್ಕೆ ಹೋದರೆ ಮಕ್ಕಳಿಗೆ ಇತಿಹಾಸದ ಪಾಠ, ಮುಂದಕ್ಕೆ ಹೋದರೆ ವಿಜ್ಞಾನದ ಪಾಠ. ಬಿಬಿಸಿಯ ಲೆಕ್ಕಾಚಾರ ಇದಾಗಿತ್ತು.

ಈ ಮೊದಲ ಕಥೆಯನ್ನು ನಿರ್ದೇಶಿಸಿದ್ದು ವಾರಿಸ್ ಹುಸೇನ್. 1938ರಲ್ಲಿ ಲಖ್ನೋದಲ್ಲಿ ಹುಟ್ಟಿದವರು. ತಾಯಿ ಅತಿಯಾ ಹುಸೇನ್, ಔಧ್‌ನ ತಾಲ್ಲೂಕುದಾರ ಮನೆತನದ ಹೆಣ್ಣುಮಗಳು. ವಿಭಜನೆಯ ಕಾಲದಲ್ಲಿ ಒಂದು ಮುಸ್ಲಿಮ್ ಕುಟುಂಬ ಒಡೆದುಹೋದ ಬಗೆಯನ್ನು ಹೇಳುವ 'ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್' ಎಂಬ ಇಂಗ್ಲಿಷ್ ಕಾದಂಬರಿಯನ್ನು 1961ರಲ್ಲಿ ಪ್ರಕಟಿಸಿದ ಲೇಖಕಿ ಅವರೇ. ಆ ವಿಭಜನೆಯ ಆಸುಪಾಸಿನಲ್ಲೇ ಇಂಗ್ಲೆಂಡಿಗೆ ಹೋದ ಹುಡುಗ ಕೇಂಬ್ರಿಜ್‌ನಲ್ಲಿ ಓದಿ ಬಿಬಿಸಿ ಸೇರಿದ. ಡಾಕ್ಟರ್ ಹೂ ಕೈಗೆ ಬಂದಾಗ ವಯಸ್ಸು 24. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಯಹೂದಿ ಮನೆತನದವರು, 27ರ ಹರೆಯದವರು. ಗಂಡಸರೇ ತುಂಬಿದ್ದ ನಾಟಕ ವಿಭಾಗದಲ್ಲಿ ಹೆಣ್ಣೊಬ್ಬಳು ನಿರ್ಮಾಪಕಿಯಾಗಿದ್ದುದೇ ಹಲವರಿಗೆ ಸಹಿಸದ ವಿಷಯವಾಗಿತ್ತು. ಇವರಿಬ್ಬರ ಮೇಲಿನ ಸಿಡ್ನಿ ನ್ಯೂಮನ್ ಕೆನಡಾದಿಂದ ಬಂದವರು. ಬ್ರಿಟಿಷರು ಇಂದು ತಮ್ಮ ರಾಷ್ಟ್ರೀಯ ಆಸ್ತಿ ಎಂಬಂತೆ ಕೊಂಡಾಡುವ ಈ ಧಾರಾವಾಹಿಯನ್ನು ಕಟ್ಟಿದವರು ಹೀಗೆ ಒಂದಲ್ಲ ಒಂದು ಬಗೆಯಲ್ಲಿ ಹೊರಗಿನವರು. ಲೈಮ್ ಗ್ರೋವ್ ಎಂಬಲ್ಲಿನ ಇಕ್ಕಟ್ಟಾದ, ಸೆಕೆಯಿಂದ ಬೇಯುವ ಹಳೆಯ ಸ್ಟುಡಿಯೋದಲ್ಲಿ ಚಿತ್ರೀಕರಣ. ಮೊದಲು ತಯಾರಿಸಿದ ಕಂತನ್ನು ನ್ಯೂಮನ್ ಮೆಚ್ಚದೆ ಪೂರ್ತಿಯಾಗಿ ಮತ್ತೆ ಮಾಡಿಸಿದರು.

1964ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಂದ 'ಮಾರ್ಕೋ ಪೋಲೋ' ವಾರಿಸ್ ಅವರ ಎರಡನೆಯ ಕಥೆ. ಪಾಮೀರ್ ಪರ್ವತ, ಗೋಬಿ ಮರುಭೂಮಿ, ಕುಬ್ಲಾಯಿ ಖಾನನ ಆಸ್ಥಾನ ಎಲ್ಲವನ್ನೂ ಸ್ಟುಡಿಯೋದೊಳಗೇ ಕಟ್ಟಿ ತೋರಿಸಿದ ಏಳು ಕಂತುಗಳು. ಏಳರಲ್ಲಿ ಒಂದೂ ಇಂದು ಇಲ್ಲ. ಬೆಂಕಿ ಬಿದ್ದು ಸುಟ್ಟದ್ದಲ್ಲ, ಯುದ್ಧದಲ್ಲಿ ಹಾಳಾದದ್ದಲ್ಲ. ಬಿಬಿಸಿಯೇ ಅಳಿಸಿ ಹಾಕಿತು.

ಇದು ಹೇಗಾಯಿತೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಆ ಕಾಲದಲ್ಲಿ ಕಾರ್ಯಕ್ರಮಗಳನ್ನು ಎರಡಂಗುಲ ಅಗಲದ ವಿಡಿಯೋ ಟೇಪಿನಲ್ಲಿ ಮುದ್ರಿಸುತ್ತಿದ್ದರು. ಟೇಪು ದುಬಾರಿ, ಆದರೆ ಅಳಿಸಿ ಮತ್ತೆ ಬಳಸಬಹುದಿತ್ತು. ಕಲಾವಿದರ ಸಂಘದೊಂದಿಗಿನ ಒಪ್ಪಂದದಂತೆ ಒಂದು ಕಾರ್ಯಕ್ರಮವನ್ನು ಬೇಕೆಂದಾಗಲೆಲ್ಲ ಮರುಪ್ರಸಾರ ಮಾಡುವಂತಿರಲಿಲ್ಲ. ಮರುಪ್ರಸಾರವಾಗದ ಟೇಪನ್ನು ಕಪಾಟಿನಲ್ಲಿಟ್ಟು ಏನು ಪ್ರಯೋಜನ ಎಂಬುದು ಲೆಕ್ಕ ಬರೆಯುವವರ ಪ್ರಶ್ನೆ. ಹಾಗಾಗಿ ಅಳಿಸಿದರು. ಅಳಿಸುವ ಮೊದಲು ಪರದೇಶಗಳ ಟಿ.ವಿ. ಕೇಂದ್ರಗಳಿಗೆ ಮಾರುವುದಕ್ಕೆಂದು 16 ಮಿ.ಮೀ. ಫಿಲ್ಮಿನಲ್ಲಿ ಪ್ರತಿ ತೆಗೆಯುತ್ತಿದ್ದರು. 1970ರಿಂದ ಧಾರಾವಾಹಿ ಬಣ್ಣದಲ್ಲಿ ಬರತೊಡಗಿದ ಮೇಲೆ ಕಪ್ಪುಬಿಳುಪಿನ ಆ ಫಿಲ್ಮುಗಳಿಗೂ ಗಿರಾಕಿಗಳು ಕಡಿಮೆಯಾದರು. ಮಾರಾಟ ವಿಭಾಗದವರು 1970ರ ದಶಕದಲ್ಲಿ ಅವುಗಳನ್ನೂ ಕಸಕ್ಕೆ ಹಾಕಿದರು. ಟೇಪಿನ ವಿಭಾಗದವರು ಫಿಲ್ಮು ಅವರಲ್ಲಿದೆಯಲ್ಲ ಎಂದುಕೊಂಡರು, ಫಿಲ್ಮಿನ ವಿಭಾಗದವರು ಟೇಪು ಇವರಲ್ಲಿದೆಯಲ್ಲ ಎಂದುಕೊಂಡರು. ಸರಕಾರಿ ಕಚೇರಿಗೆ ಅಲೆದವರಿಗೆ ಈ ನ್ಯಾಯ ಹೊಸದೇನಲ್ಲ. ಮೊದಲ ಆರು ವರ್ಷಗಳ 253 ಕಂತುಗಳ ದೊಡ್ಡ ಪಾಲು ಹೀಗೆ ಹೋಯಿತು.

ಇನ್ನು ಅಭಿಮಾನಿಗಳ ಸಂಗತಿ. 1960ರ ದಶಕದಲ್ಲಿ ಮನೆಯಲ್ಲಿ ವಿಡಿಯೋ ರೆಕಾರ್ಡರ್ ಎಂಬುದಿರಲಿಲ್ಲ. ಒಮ್ಮೆ ತಪ್ಪಿಸಿಕೊಂಡ ಕಂತು ಎಂದೆಂದಿಗೂ ತಪ್ಪಿದಂತೆಯೇ. ಇದನ್ನು ಸಹಿಸಲಾಗದ ಕೆಲವು ಹುಡುಗರು ಒಂದು ಉಪಾಯ ಕಂಡುಕೊಂಡರು. ಚಿತ್ರ ಹಿಡಿಯಲಾಗದಿದ್ದರೂ ಧ್ವನಿ ಹಿಡಿಯಬಹುದಲ್ಲ? ಸುರುಳಿ ಟೇಪಿನ ರೆಕಾರ್ಡರನ್ನು ಟಿ.ವಿ.ಯ ಪಕ್ಕದಲ್ಲಿಟ್ಟು, ಮೈಕನ್ನು ಸ್ಪೀಕರಿಗೆ ಹಿಡಿದು, ಮನೆಯವರಿಗೆಲ್ಲ ಇಪ್ಪತ್ತೈದು ನಿಮಿಷ ಉಸಿರೆತ್ತಬೇಡಿ ಎಂದು ಆಜ್ಞೆ ಮಾಡಿ ಕೂತರು. ಸ್ವಲ್ಪ ಜಾಣರಾದವರು ಟಿ.ವಿ.ಯ ಹಿಂಬದಿ ಬಿಚ್ಚಿ ತಂತಿಯನ್ನೇ ನೇರವಾಗಿ ರೆಕಾರ್ಡರಿಗೆ ಜೋಡಿಸಿದರು. ಇದು ಮುಂದೆ ದಾಖಲೆಯಾದೀತು ಎಂಬ ಯೋಚನೆ ಅವರಲ್ಲಿ ಯಾರಿಗೂ ಇದ್ದಂತಿಲ್ಲ. ರಾತ್ರಿ ಮಲಗುವಾಗ ಮತ್ತೊಮ್ಮೆ ಕೇಳುವ ಆಸೆ, ಅಷ್ಟೇ. ಆದರೆ ಪರಿಣಾಮ ನೋಡಿ. ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ, ಒಂದನ್ನೂ ಬಿಡದೆ, ಇಂದು ನಮಗೆ ಕೇಳಲು ಸಿಗುತ್ತದೆ. ಅಷ್ಟು ದೊಡ್ಡ ಸಂಸ್ಥೆಯಿಂದ ಆಗದ್ದು ಶಾಲೆಗೆ ಹೋಗುವ ಹುಡುಗರಿಂದ ಆಯಿತು. ಕೊನೆಗೆ ಬಿಬಿಸಿಯೇ ಆ ಧ್ವನಿಗಳನ್ನು ಅವರಿಂದ ಪಡೆದು, ಶುದ್ಧೀಕರಿಸಿ, ನಡುನಡುವೆ ವಿವರಣೆ ಸೇರಿಸಿ ಕ್ಯಾಸೆಟ್ ಮತ್ತು ಸಿ.ಡಿ.ಗಳಾಗಿ ಮಾರಿತು. 1966ರ 'ಪವರ್ ಆಫ್ ದ ಡಾಲೆಕ್ಸ್' ಎಂಬ ಕಥೆಯ ಆರೂ ಕಂತುಗಳು ಇಲ್ಲವಾಗಿದ್ದವು. ಅಭಿಮಾನಿಗಳ ಧ್ವನಿಮುದ್ರಿಕೆಗೆ ಚಿತ್ರ ಬರೆದು ಸೇರಿಸಿ, ಸರಿಯಾಗಿ ಐವತ್ತು ವರ್ಷಗಳ ನಂತರ 2016ರಲ್ಲಿ ಅದನ್ನು ಅನಿಮೇಷನ್ ರೂಪದಲ್ಲಿ ಹೊರತಂದರು.

1976ರಲ್ಲಿ ಅಭಿಮಾನಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ಮರುವರ್ಷ ಲಂಡನ್ನಿನ ಬ್ಯಾಟರ್‌ಸೀಯ ಒಂದು ಚರ್ಚ್ ಸಭಾಂಗಣದಲ್ಲಿ ಮೊದಲ ಸಮ್ಮೇಳನ ನಡೆಯಿತು. 1978ರಲ್ಲಿ ಸಂಗೀತ ಮುದ್ರಣ ಕ್ಷೇತ್ರದ ಇಯಾನ್ ಲೆವಿನ್ ಎಂಬ ಅಭಿಮಾನಿ ಬಿಬಿಸಿಯ ಮಾರಾಟ ವಿಭಾಗಕ್ಕೆ ಹೋದಾಗ, ಡಾಲೆಕ್ ಎಂಬ ಯಂತ್ರಜೀವಿಗಳು ಮೊತ್ತಮೊದಲು ಕಾಣಿಸಿಕೊಂಡ ಕಥೆಯ ಫಿಲ್ಮು ಡಬ್ಬಿಗಳು ನಾಶಕ್ಕೆ ಸಿದ್ಧವಾಗಿ ಪೇರಿಸಿಟ್ಟಿದ್ದವು. ಅವರು ಅಡ್ಡಿ ಮಾಡದಿದ್ದರೆ ಇಡೀ ಧಾರಾವಾಹಿಯ ಹೆಸರು ಬೆಳಗಿಸಿದ ಆ ಕಥೆಯೂ ಹೋಗುತ್ತಿತ್ತು. ಅದೇ ಸುಮಾರಿಗೆ ಬಿಬಿಸಿ ಯಾವುದನ್ನು ಉಳಿಸಬೇಕೆಂದು ನಿರ್ಧರಿಸಲೆಂದೇ ಸ್ಯೂ ಮಾಲ್ಡನ್ ಎಂಬ ಮಹಿಳೆಯನ್ನು ನೇಮಿಸಿತು. ನಾಶ ನಿಂತಿತು.

ಹುಡುಕಾಟ ಅಲ್ಲಿಂದ ಶುರುವಾಯಿತು. 1983ರಲ್ಲಿ ಲಂಡನ್ನಿನ ಮಾರ್ಮನ್ ಚರ್ಚೊಂದರ ನೆಲಮಾಳಿಗೆಯಲ್ಲಿ ಎರಡು ಕಂತು. 1984ರಲ್ಲಿ ಸೈಪ್ರಸ್‌ನಿಂದ ಕೆಲವು. 1991ರ ಕೊನೆಗೆ ಹಾಂಗ್‌ಕಾಂಗ್‌ನ ಟಿ.ವಿ. ಕೇಂದ್ರದಿಂದ ಒಂದು ಪೂರ್ತಿ ಕಥೆಯ ನಾಲ್ಕು ಕಂತು. 2013ರ ಅಕ್ಟೋಬರಿನಲ್ಲಿ ನೈಜೀರಿಯಾದ ಜೋಸ್ ನಗರದ ಟಿ.ವಿ. ಕೇಂದ್ರದಲ್ಲಿ ಫಿಲಿಪ್ ಮಾರಿಸ್ ಎಂಬವರು ಪತ್ತೆ ಮಾಡಿದ ಒಂಬತ್ತು ಕಂತುಗಳ ಸುದ್ದಿ ಹೊರಬಿತ್ತು. ಅದರೊಂದಿಗೆ ಬಾಕಿ ಉಳಿದದ್ದು 97. ಬ್ರಿಟನ್ ತನ್ನ ಮನೆಯಲ್ಲಿ ಕಳೆದುಕೊಂಡದ್ದು ತಾನು ಒಂದು ಕಾಲಕ್ಕೆ ಆಳಿದ ದೇಶಗಳ ಕಪಾಟುಗಳಲ್ಲಿ ಸಿಗುತ್ತಾ ಬಂತು.

ಎಲ್ಲಕ್ಕಿಂತ ವಿಚಿತ್ರವಾದದ್ದು ಆಸ್ಟ್ರೇಲಿಯಾದ ಕಥೆ. ಅಲ್ಲಿನ ಸೆನ್ಸಾರ್ ಅಧಿಕಾರಿಗಳು ಮಕ್ಕಳು ಹೆದರಿಯಾರು ಎಂದು ಹಿಂಸೆಯ, ಭೀತಿಯ ತುಣುಕುಗಳನ್ನು ಫಿಲ್ಮಿನಿಂದ ಕತ್ತರಿಸಿ ತೆಗೆದಿದ್ದರು. ಕತ್ತರಿಸಿದ್ದನ್ನು ಬಿಸಾಡದೆ ಕಡತದೊಂದಿಗೆ ಜೋಪಾನವಾಗಿ ಇಟ್ಟರು. ಪ್ರಸಾರವಾದ ಫಿಲ್ಮುಗಳು ನಾಶವಾದವು, ಪ್ರಸಾರಕ್ಕೆ ಯೋಗ್ಯವಲ್ಲ ಎನಿಸಿಕೊಂಡ ತುಣುಕುಗಳು ಉಳಿದವು. 1996ರಲ್ಲಿ ಅಭಿಮಾನಿಯೊಬ್ಬರು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಅವುಗಳನ್ನು ಕಂಡುಹಿಡಿದರು. ಕೆಲವು ಕಂತುಗಳಲ್ಲಿ ಇಂದು ನೋಡಲು ಸಿಗುವುದು ಯಾರಿಗೂ ತೋರಿಸಬಾರದೆಂದು ತೆಗೆದಿಟ್ಟ ಆ ಕೆಲವು ಕ್ಷಣಗಳು ಮಾತ್ರ!

ನಮ್ಮ ಓದುಗರಿಗೆ ಆಸಕ್ತಿ ಹುಟ್ಟಿಸಬಹುದಾದ ಇನ್ನೊಂದು ಕಥೆ 1965ರ 'ದ ಕ್ರುಸೇಡ್'. ಡೇವಿಡ್ ವಿಟಕರ್ ಬರೆದದ್ದು. ಸುಲ್ತಾನ್ ಸಲಾಹುದ್ದೀನ್ ಮತ್ತು ಇಂಗ್ಲೆಂಡಿನ ದೊರೆ ರಿಚರ್ಡ್ ಇದರ ಪಾತ್ರಗಳು. ತನ್ನ ತಂಗಿ ಜೋನಾಳನ್ನು ಸಲಾಹುದ್ದೀನರ ತಮ್ಮ ಅಲ್ ಆದಿಲ್‌ಗೆ ಕೊಟ್ಟು ಯುದ್ಧ ಮುಗಿಸುವ ರಿಚರ್ಡನ ಪ್ರಸ್ತಾಪ ಕಥೆಯ ನಡುಭಾಗ. ಇದು ಕಟ್ಟುಕಥೆಯಲ್ಲ. ಅಂಥ ಮಾತುಕತೆ 1191ರಲ್ಲಿ ನಡೆದುದನ್ನು ಸಲಾಹುದ್ದೀನರ ಆಪ್ತ ಬಹಾವುದ್ದೀನ್ ಇಬ್ನ್ ಶದ್ದಾದ್ ದಾಖಲಿಸಿದ್ದಾರೆ. ಶನಿವಾರ ಸಂಜೆ ಮಕ್ಕಳಿಗೆಂದು ಮಾಡಿದ ಕಥೆಯಲ್ಲಿ ಸುಲ್ತಾನರನ್ನು ರಾಕ್ಷಸನಾಗಿಸದೆ ಘನತೆಯುಳ್ಳ, ಯೋಚಿಸಿ ಮಾತಾಡುವ ದೊರೆಯಾಗಿ ತೋರಿಸಿದ್ದು ಮೆಚ್ಚತಕ್ಕದ್ದು. ಆದರೆ ಆ ಪಾತ್ರ ಮಾಡಿದ್ದು ಬರ್ನಾರ್ಡ್ ಕೇ ಎಂಬ ಬ್ರಿಟಿಷ್ ಬಿಳಿಯ ನಟ, ಮುಖಕ್ಕೆ ಬಣ್ಣ ಬಳಿದುಕೊಂಡು. ನಾಲ್ಕು ಕಂತುಗಳಲ್ಲಿ ಮೂರನೆಯದು ಮಾತ್ರ ಉಳಿದಿತ್ತು. ಮೊದಲನೆಯದು 1999ರಲ್ಲಿ ನ್ಯೂಜಿಲೆಂಡಿನ ಫಿಲ್ಮು ಸಂಗ್ರಾಹಕರೊಬ್ಬರ ಬಳಿ ಸಿಕ್ಕಿತು. ಉಳಿದೆರಡರ ಧ್ವನಿ ಮಾತ್ರ ಇದೆ.

ಬಣ್ಣ ಬಳಿಯುವ ಮಾತು ಬಂದಾಗ ಅಭಿಮಾನಿಗಳ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 1977ರ 'ಟ್ಯಾಲನ್ಸ್ ಆಫ್ ವೆಂಗ್ ಚಿಯಾಂಗ್' ಎಂಬ ಕಥೆಯಲ್ಲಿ ಚೀನೀ ಖಳನ ವೇಷ ಹಾಕಿದ್ದೂ ಬಿಳಿಯ ನಟನೇ. ಚೀನೀಯರ ಬಗ್ಗೆ ಅದರಲ್ಲಿರುವ ಹೀನಾಯ ಚಿತ್ರಣ ಯಾರಿಗೂ ಎದ್ದು ಕಾಣುವಂಥದ್ದು. ಆದರೂ ಅಭಿಮಾನಿಗಳು ದಶಕಗಳ ಕಾಲ ಅದನ್ನು ಅತ್ಯುತ್ತಮ ಕಥೆಗಳ ಸಾಲಿನಲ್ಲಿ ಆರಿಸುತ್ತಾ ಬಂದರು. ಒಂದೊಂದು ದೃಶ್ಯದ ಹಿಂದಿರುವ ಕುರ್ಚಿ ಯಾವ ಕಂತಿನದ್ದು ಎಂದು ಹೇಳಬಲ್ಲವರ ಕಣ್ಣಿಗೆ ಇದು ಬೀಳಲಿಲ್ಲ. ಪ್ರೀತಿ ಕೆಲವನ್ನು ಹಿಗ್ಗಿಸಿ ತೋರಿಸುತ್ತದೆ, ಕೆಲವನ್ನು ಮರೆಮಾಡುತ್ತದೆ.

1989ರಲ್ಲಿ ಧಾರಾವಾಹಿ ನಿಂತಿತು. ಹದಿನಾರು ವರ್ಷಗಳ ನಂತರ, 2005ರಲ್ಲಿ ಅದನ್ನು ಮತ್ತೆ ಆರಂಭಿಸಿದ ರಸೆಲ್ ಟಿ. ಡೇವಿಸ್ ಬಾಲ್ಯದಿಂದಲೂ ಅದರ ಅಭಿಮಾನಿ. ಹದಿಹರೆಯದಲ್ಲಿ ಧಾರಾವಾಹಿಯನ್ನು ಹೊಗಳಿ ಬಿಬಿಸಿಯ ಪತ್ರಿಕೆಗೆ ಪತ್ರ ಬರೆದಿದ್ದ ಪೀಟರ್ ಕಪಾಲ್ಡಿ ಮುಂದೆ ಡಾಕ್ಟರನ ಪಾತ್ರವನ್ನೇ ವಹಿಸಿದರು. 2018ರ ನವೆಂಬರಿನಲ್ಲಿ ಭಾರತೀಯ ಮೂಲದ ವಿನಯ್ ಪಟೇಲ್ ಬರೆದ 'ಡೀಮನ್ಸ್ ಆಫ್ ದ ಪಂಜಾಬ್' ಪ್ರಸಾರವಾಯಿತು. ಡಾಕ್ಟರನ ಜೊತೆಗಾತಿ ಯಾಸ್ಮಿನ್ ಖಾನ್ ಎಂಬ ಪಾಕಿಸ್ತಾನಿ ಮೂಲದ ಹುಡುಗಿ ತನ್ನ ಅಜ್ಜಿಯ ಯೌವನವನ್ನು ಕಾಣಲು 1947ರ ಆಗಸ್ಟಿಗೆ ಹೋಗುತ್ತಾಳೆ. ಅಲ್ಲಿ ಅಜ್ಜಿ ಉಂಬ್ರೀನ್ ಪ್ರೇಮ್ ಎಂಬ ಹಿಂದೂ ರೈತನನ್ನು ಮದುವೆಯಾಗುವ ಸಿದ್ಧತೆಯಲ್ಲಿದ್ದಾಳೆ. ಆ ಕಥೆಯಲ್ಲಿ ಕೊಲ್ಲುವವರು ಅನ್ಯಗ್ರಹದ ಜೀವಿಗಳಲ್ಲ, ನೆರೆಹೊರೆಯವರು, ಒಡಹುಟ್ಟಿದವನೂ ಅವರೊಂದಿಗಿದ್ದಾನೆ. ಅತಿಯಾ ಹುಸೇನರ ಮಗ ಆರಂಭಿಸಿದ ಧಾರಾವಾಹಿ ಅತಿಯಾ ಹುಸೇನರ ವಿಷಯಕ್ಕೆ ಬಂದು ತಲುಪಲು ಐವತ್ತೈದು ವರ್ಷ ಹಿಡಿಯಿತು.

ಇದನ್ನೆಲ್ಲ ಓದುವಾಗ ನಮ್ಮದೇ ನಷ್ಟ ನೆನಪಾಗದಿರದು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ, 1931ರ 'ಆಲಂ ಆರಾ'ದ್ದೂ ಅದೇ ಗತಿ. ಆಗ ನಮ್ಮ ಮನೆಗಳಲ್ಲಿ ರೆಕಾರ್ಡರ್ ಇರಲಿಲ್ಲ ಎಂಬುದು ನಿಜ. ಆದರೆ ಡಬ್ಬಿಗಳನ್ನು ಕಾಯ್ದಿಡಿ ಎಂದು ಬಾಗಿಲು ಬಡಿದವರೂ ಇದ್ದಂತಿಲ್ಲ.

ಮತ್ತೆ 'ಮಾರ್ಕೋ ಪೋಲೋ'ಗೆ ಬರೋಣ. ಹಲವು ದೇಶಗಳಿಗೆ ಮಾರಾಟವಾಗಿದ್ದರೂ ಅದರ ಫಿಲ್ಮು ಸಿಕ್ಕಿಲ್ಲ. ಧ್ವನಿ ಇದೆ. ಜೊತೆಗೆ ಇನ್ನೊಂದಿದೆ. ಆ ಕಾಲದಲ್ಲಿ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಕಾರ್ಯಕ್ರಮ ಪ್ರಸಾರವಾಗುತ್ತಿದ್ದಾಗಲೇ ಟಿ.ವಿ. ಪರದೆಯ ಚಿತ್ರ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದ. ವಾರಿಸ್ ಹುಸೇನ್ ತಮ್ಮ ಕಂತುಗಳ ಚಿತ್ರಗಳನ್ನು ಕೊಂಡು ಮನೆಯಲ್ಲಿಟ್ಟುಕೊಂಡಿದ್ದರು. ದಶಕಗಳ ನಂತರ ಅವು ಹೊರಬಂದಾಗ ಅಭಿಮಾನಿಗಳು ಒಂದೊಂದನ್ನೂ ಧ್ವನಿಗೆ ಹೊಂದಿಸಿ ಕಥೆಯನ್ನು ಮತ್ತೆ ಕಟ್ಟಿದರು. ಏಳು ಕಂತುಗಳಲ್ಲಿ ಆರಕ್ಕೆ ಮಾತ್ರ ಅಂಥ ಚಿತ್ರಗಳಿವೆ. ನಾಲ್ಕನೆಯದನ್ನು ಜಾನ್ ಕ್ರಾಕೆಟ್ ನಿರ್ದೇಶಿಸಿದ್ದರು, ಹಾಗಾಗಿ ಅದರ ಚಿತ್ರಗಳು ವಾರಿಸ್ ಅವರ ಪೆಟ್ಟಿಗೆಯಲ್ಲಿ ಇರಲಿಲ್ಲ.