ಇ-ಸಿಗರೇಟ್ ನಿಷೇಧ ವಿರೋಧ (ಭಾರತ)

ಭಾರತದಲ್ಲಿ ಇ-ಸಿಗರೇಟಿನ ಮೇಲೆ ಹೇರಿದ ನಿಷೇಧವನ್ನು ಪ್ರಶ್ನಿಸಿ ಬಳಕೆದಾರರು ಮತ್ತು ವ್ಯಾಪಾರಿಗಳು ನಡೆಸಿದ ವಾದ, ವ್ಯಾಜ್ಯಗಳು.

ಇ-ಸಿಗರೇಟಿನಲ್ಲಿ ತಂಬಾಕು ಉರಿಯುವುದಿಲ್ಲ. ಬ್ಯಾಟರಿಯಿಂದ ಕಾಯುವ ಪುಟ್ಟ ತಂತಿಸುರುಳಿಯು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್ ಮತ್ತು ಸುವಾಸನೆ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ಸೇದುವವರು ಎಳೆದುಕೊಳ್ಳುವುದು ಆ ಆವಿಯನ್ನು. ಹೊಗೆಯಲ್ಲಿರುವ ಟಾರ್ ಇದರಲ್ಲಿಲ್ಲ, ಆದರೆ ನಿಕೋಟಿನ್ ಚಟ ಹಾಗೆಯೇ ಉಳಿಯುತ್ತದೆ.

ಕರ್ನಾಟಕ ಸರ್ಕಾರ 2016ರಲ್ಲೇ ಇದರ ಮಾರಾಟವನ್ನು ನಿಷೇಧಿಸಿತ್ತು. 2019ರ ಮಾರ್ಚ್‌ನಲ್ಲಿ ಇ-ಸಿಗರೇಟ್ ಮಾರಾಟ ತಡೆಯುವಂತೆ ಕೇಂದ್ರ ಹೊರಡಿಸಿದ್ದ ಸುತ್ತೋಲೆಗೆ ದೆಹಲಿ ಹೈಕೋರ್ಟ್ ತಡೆ ನೀಡಿದಾಗ ವ್ಯಾಪಾರಿಗಳು ನಿಟ್ಟುಸಿರು ಬಿಟ್ಟರು. ಆದರೆ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ ಬಂದವು. ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಸಲ 1 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನಿಗೆ ಪ್ರತ್ಯೇಕ ಶಿಕ್ಷೆಯಿದೆ.

ಅಸೋಸಿಯೇಷನ್ ಆಫ್ ವೇಪರ್ಸ್ ಇಂಡಿಯಾದಂಥ ಬಳಕೆದಾರರ ಸಂಘಟನೆಗಳ ಮುಖ್ಯ ತಕರಾರು ಇದು: ಪ್ರತಿ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಸಿಗರೇಟು ಬಿಡಿಬಿಡಿಯಾಗಿ ಸಿಗುವಾಗ, ಅವುಗಳನ್ನು ಬಿಡಲು ನೆರವಾಗಬಲ್ಲ ಸಾಧನಕ್ಕೆ ಮಾತ್ರ ಸಂಪೂರ್ಣ ನಿಷೇಧವೇಕೆ? ಬ್ರಿಟನ್ ಇದನ್ನು ನಿಯಂತ್ರಣದಲ್ಲಿಟ್ಟು ಮಾರಲು ಬಿಟ್ಟಿರುವುದನ್ನು ಅವರು ಉದಾಹರಿಸುತ್ತಾರೆ. ಈ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರ ತೃಪ್ತಿಕರವಲ್ಲ. ಆದರೆ ಹಣ್ಣು, ಮಿಠಾಯಿ ರುಚಿಯ ದ್ರವಗಳು ಸಿಗರೇಟನ್ನೇ ಮುಟ್ಟದ ಹದಿಹರೆಯದವರನ್ನು ಸೆಳೆಯುತ್ತವೆ ಎಂಬ ಆತಂಕಕ್ಕೆ ನಿಷೇಧದ ವಿರೋಧಿಗಳ ಬಳಿಯೂ ಗಟ್ಟಿ ಸಮಾಧಾನವಿಲ್ಲ. ಕಾಯ್ದೆಯು ವೈಯಕ್ತಿಕ ಸೇವನೆಯನ್ನು ಅಪರಾಧವೆಂದು ನೇರವಾಗಿ ಹೆಸರಿಸಿಲ್ಲ.