ಪೀಣ್ಯದಿಂದ ಕೆ.ಆರ್. ಸರ್ಕಲ್‌ಗೆ

ಪೀಣ್ಯದ ಚರಿತ್ರೆ ಹೇಳೋರು ಎಕರೆ ಲೆಕ್ಕ ಹೇಳ್ತಾರೆ, ಶೆಡ್ಡುಗಳ ಲೆಕ್ಕ ಹೇಳ್ತಾರೆ. ಎಚ್.ಎಂ.ಟಿ., ಬಿ.ಇ.ಎಲ್. ಜಾಲಹಳ್ಳಿಗೆ ಬಂದಿದ್ದರಿಂದ ಸುತ್ತ ಸಣ್ಣ ಕಾರ್ಖಾನೆಗಳು ಬೆಳೆದವು ಅಂತಾರೆ. ಎಲ್ಲಾ ಸರಿ. ಆದರೆ ಆ ಶೆಡ್ಡುಗಳಲ್ಲಿ ಡ್ರಾಯಿಂಗ್ ಓದಿ, ಜಿಗ್ಗು ಫಿಕ್ಸ್ಚರ್ ಮಾಡಿ, ಮುಂದೆ ಸ್ವಂತ ಶೆಡ್ಡು ಹಾಕಿದವರು ಓದಿದ್ದೆಲ್ಲಿ ಅಂತ ಕೇಳಿದರೆ ಮಾತು ಪೀಣ್ಯ ಬಿಟ್ಟು ಊರೊಳಗೆ ಬರುತ್ತೆ. ಅವರಲ್ಲಿ ಬಹಳ ಜನ ಕೆ.ಆರ್. ಸರ್ಕಲ್‌ನಲ್ಲಿರೋ ಯು.ವಿ.ಸಿ.ಇ. ಮೆಟ್ಟಿಲು ಹತ್ತಿ ಇಳಿದವರು. ನಾನೂ ಅವರಲ್ಲೊಬ್ಬ. ಹಾಗಾಗಿ ಈ ಬರಹದಲ್ಲಿ ಸ್ವಲ್ಪ ಪಕ್ಷಪಾತ ಇದೆ, ಓದುಗರು ಅದನ್ನು ಕಳೆದುಕೊಂಡು ಓದಬೇಕು.

ಈ ಕಾಲೇಜು ಯಾಕೆ ಹುಟ್ಟಿತು ಅನ್ನೋದು ಅದನ್ನು ಕಟ್ಟಿಸಿದವರ ಬದುಕಿನಲ್ಲೇ ಇದೆ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು. 1881ರಲ್ಲಿ ಬಿ.ಎ. ಆಯ್ತು. ಎಂಜಿನಿಯರಿಂಗ್ ಓದಬೇಕು ಅಂದ್ರೆ ಮೈಸೂರು ಸೀಮೆಯಲ್ಲಿ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಗೆ ಹೋದರು, 1883ರಲ್ಲಿ ಓದು ಮುಗಿಸಿ ಬೊಂಬಾಯಿ ಸರ್ಕಾರದ ನೌಕರಿ ಸೇರಿದರು. ವಿದ್ಯಾರ್ಥಿವೇತನ ಸಿಗದೇ ಇದ್ದಿದ್ದರೆ? ಮೈಸೂರಿನ ಹುಡುಗನಿಗೆ ಎಂಜಿನಿಯರಿಂಗ್ ಅನ್ನೋದು ಪುಣೆ, ಮದರಾಸುಗಳಿಗೆ ರೈಲು ಹತ್ತೋ ಶಕ್ತಿ ಇದ್ದವರಿಗೆ ಮಾತ್ರ ದಕ್ಕೋ ವಿದ್ಯೆಯಾಗಿತ್ತು.

1912ರಲ್ಲಿ ದಿವಾನರಾದ ಮೇಲೆ ಅವರು ಹೊರಡಿಸಿದ ಯೋಜನೆಗಳ ಪಟ್ಟಿ ದೊಡ್ಡದು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಮರುವರ್ಷವೇ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಶುರುವಾದದ್ದು ಲೋಕೋಪಯೋಗಿ ಇಲಾಖೆಯ ಕಟ್ಟಡದಲ್ಲಿ. ಸಿವಿಲ್, ಮೆಕ್ಯಾನಿಕಲ್ ಎರಡೇ ವಿಭಾಗ, ಬೆರಳೆಣಿಕೆಯ ಹುಡುಗರು. ಮೊದಮೊದಲು ಕಾಲೇಜಿಗೆ ಉಸಿರು ಕೊಟ್ಟವರಲ್ಲಿ ಎಸ್.ವಿ. ಸೆಟ್ಟಿ ಅಂತೊಬ್ಬರ ಹೆಸರು ಬರುತ್ತೆ. ಮೈಸೂರಿನವರು. ಇಂಗ್ಲೆಂಡಿಗೆ ಹೋಗಿ ಆವ್ರೊ ಕಂಪನಿಯಲ್ಲಿ ವಿಮಾನದ ಕೆಲಸ ಮಾಡಿ, ತಾವೇ ಹಾರಿಸಿಯೂ ಬಂದವರು. 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಹೋದರು. ಬೆಂಗಳೂರಿಗೆ ಎಚ್.ಎ.ಎಲ್. ಬಂದದ್ದು 1940ರಲ್ಲಿ. ಬದುಕಿದ್ದಿದ್ದರೆ ಅವರಿಗೆ ಆಗ ಅರವತ್ತರ ಆಸುಪಾಸು. ಈ ಲೆಕ್ಕ ಹಾಕಿದಾಗಲೆಲ್ಲಾ ಹೊಟ್ಟೆ ಉರಿಯುತ್ತೆ.

ಕ್ಯಾಂಪಸ್ಸು ಅಂತ ಈಗ ನಾವು ಕರೆಯೋ ವೈಭವ ಅಲ್ಲಿ ಯಾವತ್ತೂ ಇರಲಿಲ್ಲ. ಸುತ್ತ ರಸ್ತೆ, ಆಚೆ ಸರ್ಕಾರಿ ಕಚೇರಿಗಳು, ಬೆಳೆಯೋದಕ್ಕೆ ಜಾಗವೇ ಇಲ್ಲ. ಆದರೆ ಊರೇ ಅದರ ಕ್ಯಾಂಪಸ್ಸು. ಕಬ್ಬನ್ ಪಾರ್ಕಿನ ಮರದಡಿ ಪರೀಕ್ಷೆಗೆ ಓದಿದವರು ಎಷ್ಟೋ ಜನ. ಪಾರ್ಕಿನೊಳಗಿನ ಕೆಂಪು ಕಟ್ಟಡ, ಅದೇ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ, ನಮಗೆ ಎರಡನೇ ಲೈಬ್ರರಿ. ಫ್ಯಾನ್ ತಿರುಗೋ ಸದ್ದಿಗೆ ಅಲ್ಲಿ ನಿದ್ದೆಯೂ ಚೆನ್ನಾಗಿ ಬರ್ತಿತ್ತು. ರೊದ್ದಂ ನರಸಿಂಹ ಇಲ್ಲಿ ಮೆಕ್ಯಾನಿಕಲ್ ಓದಿ 1953ರಲ್ಲಿ ಹೊರಬಂದವರು, ಆಮೇಲೆ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗಿ ವಿಮಾನ ವಿಜ್ಞಾನಕ್ಕೆ ಒಲಿದರು. ಡಿ.ಆರ್.ಡಿ.ಒ. ಮುಖ್ಯಸ್ಥರಾಗಿದ್ದ ವಿ.ಕೆ. ಆತ್ರೆ ಕೂಡ ಇಲ್ಲಿನವರೇ.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ಸೆಂಟ್ರಲ್ ಕಾಲೇಜೂ ಇದೂ ಅದರ ಪಾಲಿಗೆ ಬಂದವು. ಮರುವರ್ಷ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಮುಂದೆ ಸಿವಿಲ್ ವಿಭಾಗ ದೂರದ ಜ್ಞಾನಭಾರತಿಗೆ ಹೋಯಿತು, ಉಳಿದದ್ದು ಸರ್ಕಲ್‌ನಲ್ಲೇ ಉಳಿಯಿತು.

ನನಗೆ ಮುಖ್ಯ ಅನ್ನಿಸೋದು ಸಂಜೆಯ ಬಿ.ಇ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಅಂತಲೇ ಇದ್ದ ಕೋರ್ಸು. ಇದರ ಮಹತ್ವ ಗೊತ್ತಾಗಬೇಕಾದರೆ ಫ್ಯಾಕ್ಟರಿಯೊಳಗಿನ ಜಾತಿಪದ್ಧತಿ ಗೊತ್ತಿರಬೇಕು. ಡಿಪ್ಲೊಮಾದವನು ಸೂಪರ್‌ವೈಸರ್, ಬಿ.ಇ. ಆದವನು ಎಂಜಿನಿಯರ್. ಕೆಲಸ ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ, ಬಡ್ತಿ ಬೇರೆ. ಹತ್ತನೇ ಕ್ಲಾಸಾದ ಮೇಲೆ ಮನೆಯಲ್ಲಿ ಬೇಗ ಸಂಬಳ ಬೇಕಾಗಿದ್ದ ಹುಡುಗರೇ ಪಾಲಿಟೆಕ್ನಿಕ್ ಸೇರ್ತಿದ್ದದ್ದು. ಅವರಿಗೆ ಆ ಗೋಡೆ ದಾಟೋಕೆ ಇದ್ದ ಬಾಗಿಲುಗಳಲ್ಲಿ ಇದೊಂದು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯ ಎರಡನೇ ಹಂತದ ಟೂಲ್ ರೂಮೊಂದರಲ್ಲಿದ್ದೆ. ಜನರಲ್ ಶಿಫ್ಟ್ ಮುಗಿಸಿ, ಸೀಮೆಎಣ್ಣೆಯಲ್ಲಿ ಕೈ ತೊಳೆದು, ಬಿ.ಟಿ.ಎಸ್. ಬಸ್ಸು ಹಿಡಿದು ಮೆಜೆಸ್ಟಿಕ್. ಅಲ್ಲಿಂದ ಮೈಸೂರು ಬ್ಯಾಂಕ್ ಸರ್ಕಲ್ ದಾಟಿ ನಡಿಗೆ. ಕೈಯಲ್ಲಿ ಮಿನಿ ಡ್ರಾಫ್ಟರ್. ರಶ್ಶಿನಲ್ಲಿ ಅದು ಯಾರಿಗಾದರೂ ಚುಚ್ಚಿ ಬೈಗುಳ ತಿನ್ನೋದು ಖಾಯಂ. ಕ್ಲಾಸಿನಲ್ಲಿ ಎಚ್.ಎಂ.ಟಿ.ಯವರು, ಐ.ಟಿ.ಐ.ಯವರು, ಕೆ.ಇ.ಬಿ.ಯವರು. ಕೆಲವರಿಗೆ ಮದುವೆಯಾಗಿ ಮಕ್ಕಳಿದ್ದವು. ಒಬ್ಬ ಮೇಷ್ಟ್ರು ಗೇರ್ ಕಟಿಂಗ್ ಪಾಠ ಮಾಡುವಾಗ ಅರ್ಧಕ್ಕೆ ನಿಲ್ಲಿಸಿ, “ಇದನ್ನ ನೀವೇ ಹೇಳ್ರೀ, ದಿನಾ ಮಾಡೋರು ನೀವು” ಅಂತ ಹಿಂದಿನ ಬೆಂಚಿನವರಿಗೆ ಸೀಮೆಸುಣ್ಣ ಕೊಡ್ತಿದ್ದರು. ಹಗಲು ಕಾಲೇಜಿನ ಹುಡುಗರಿಗೆ ಈ ಭಾಗ್ಯ ಇರಲಿಲ್ಲ ಬಿಡಿ. ಹಾಸ್ಟೆಲ್ಲು, ಆಟ, ಕಾಲೇಜು ಡೇ ಯಾವುದೂ ನಮ್ಮದಲ್ಲ. ನಮಗಿದ್ದ ಸೌಲಭ್ಯ ಮೂರೇ: ಕಡಿಮೆ ಫೀಸು, ಬಸ್ ರೂಟು, ರಾತ್ರಿ ಉರಿಯೋ ಟ್ಯೂಬ್‌ಲೈಟು. ಅಷ್ಟು ಸಾಕಿತ್ತು.

ಆಮೇಲಿನ ಕಥೆ ಬೇಗ ಹೇಳ್ತೀನಿ. 1998ರಲ್ಲಿ ವಿ.ಟಿ.ಯು. ಬಂತು, ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಅದಕ್ಕೆ ಸೇರಿದವು. ವಿಶ್ವೇಶ್ವರಯ್ಯನವರೇ ಕಟ್ಟಿಸಿದ ಈ ಕಾಲೇಜು ಮಾತ್ರ ಅವರ ಹೆಸರಿನ ವಿಶ್ವವಿದ್ಯಾಲಯದ ಹೊರಗೇ ಉಳಿಯಿತು. 1999ರಲ್ಲಿ ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್. ಕಟ್ಟಡದಲ್ಲಿ ಐ.ಐ.ಐ.ಟಿ. ಶುರುವಾಯಿತು, 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸ್ವಂತ ಜಾಗಕ್ಕೆ ಹೋಯಿತು. ಕಂಪನಿಗಳ ಪಕ್ಕದಲ್ಲೇ ಕಾಲೇಜು ಇರಬೇಕು ಅನ್ನೋ ಯೋಚನೆ ಒಳ್ಳೆಯದೇ. ಆದರೆ ಬೊಮ್ಮಸಂದ್ರದಲ್ಲಿ ಸಿ.ಎನ್.ಸಿ. ಮಷೀನ್ ಮುಂದೆ ನಿಂತಿರೋ ಡಿಪ್ಲೊಮಾ ಹುಡುಗ ಗಾಜಿನ ಕಟ್ಟಡ ನೋಡಿ ಒಳಗೆ ಹೋಗೋ ಧೈರ್ಯ ಮಾಡ್ತಾನಾ? ಯು.ವಿ.ಸಿ.ಇ.ಗೆ ಪ್ರತ್ಯೇಕ ಕಾಯ್ದೆಯಾಗಿ, 2022ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬಿಡುಗಡೆಯೂ ಸಿಕ್ಕಿತು. ಐ.ಐ.ಟಿ. ಮಾದರಿಯಲ್ಲಿ ಬೆಳೆಸ್ತೀವಿ ಅಂತ ಸರ್ಕಾರ ಹೇಳಿದೆ. ಬೆಳೆಸಲಿ. ಆ ಮಾದರಿಯಲ್ಲಿ ಸಂಜೆ ಆರು ಗಂಟೆಗೆ ಎಣ್ಣೆ ಕೈಯಲ್ಲಿ ಬರೋನಿಗೆ ಬೆಂಚು ಎಲ್ಲಿರುತ್ತೆ ಅಂತ ನನ್ನ ಪ್ರಶ್ನೆ.

ಈಗ ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣದ ಹೆಸರೇ ಸರ್ ಎಂ. ವಿಶ್ವೇಶ್ವರಯ್ಯ. ನಾವು ಒಂದೂವರೆ ಗಂಟೆ ನೇತಾಡಿಕೊಂಡು ಹೋಗ್ತಿದ್ದ ದಾರಿ ಈಗ ಅದರ ಅರ್ಧದಷ್ಟೂ ಇಲ್ಲ. ಬಾಗಿಲು ಚುಚ್ಚೋ ಡ್ರಾಫ್ಟರ್ ಹಿಡಿದವರು ಮಾತ್ರ ಯಾರೂ ಕಾಣಲಿಲ್ಲ, ಎಲ್ಲಾ ಲ್ಯಾಪ್‌ಟಾಪ್ ಬ್ಯಾಗುಗಳೇ.