ಪ್ರಜಾಪ್ರತಿನಿಧಿ ಸಭೆಯಿಂದ ‘ಸಕಾಲ’ದವರೆಗೆ

ಪ್ರಜಾಪ್ರಭುತ್ವವೆಂದೊಡನೆ ನಮಗೆಲ್ಲ ನೆನಪಾಗುವುದು ಮತದಾನ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಉಳಿದ ದಿನಗಳಲ್ಲಿ ಆಳುವವರಿಂದ ಲೆಕ್ಕ ಕೇಳುವುದೂ ಅಷ್ಟೇ ಮುಖ್ಯ. ಸ್ವಾರಸ್ಯದ ಸಂಗತಿಯೆಂದರೆ, ಮೈಸೂರು ಸೀಮೆಯಲ್ಲಿ ಈ ಕೇಳುವ ಪದ್ಧತಿ ಮತದಾನಕ್ಕಿಂತ ಮೊದಲೇ ಬಂದಿತು.

1881ರ ಮಾರ್ಚಿನಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷರಿಂದ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅದೇ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ದಸರೆಯ ಸಮಯಕ್ಕೆ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಸೇರಿದ 144 ಮಂದಿಯನ್ನು ಜನರು ಚುನಾಯಿಸಿರಲಿಲ್ಲ. ಚುನಾವಣೆ ಬಂದದ್ದು 1891ರಲ್ಲಿ. ಶಾಸನ ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಆದರೂ ದಿವಾನರು ಹಿಂದಿನ ವರ್ಷದ ಆಡಳಿತದ ವರದಿಯನ್ನು ಅವರ ಮುಂದಿಟ್ಟರು, ಅವರ ಅಹವಾಲುಗಳನ್ನು ಕೇಳಿದರು.

ಕೊರತೆಯೂ ಇತ್ತು. ಅಲ್ಲಿ ಬಾಯಿ ಬಿಡುವ ಅವಕಾಶ ಜಮೀನ್ದಾರರಿಗೆ, ವರ್ತಕರಿಗೆ. ಬಡ ರೈತ ಕಚೇರಿಯ ಹೊರಗೇ ಉಳಿದ. ಸ್ವಾತಂತ್ರ್ಯಾನಂತರ ಅವನಿಗೆ ಮತ ದೊರೆಯಿತು, ಆದರೆ ತನ್ನ ಹೊಲದ ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಲಿಲ್ಲ. ಕರ್ನಾಟಕದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳೂ ಬಂದ ಸರದಿಯಲ್ಲೇ ಸಾಗಬೇಕೆಂಬ ಏರ್ಪಾಡಾಯಿತು.

ಮುಂದಿನ ಹೆಜ್ಜೆ 2012ರ ‘ಸಕಾಲ’. ಅರ್ಜಿ ಕೊಟ್ಟವನಿಗೆ ಒಂದು ಸಂಖ್ಯೆ, ಕೆಲಸಕ್ಕೊಂದು ಗಡುವು. ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ. ಅದನ್ನು ಭರಿಸಬೇಕಾದವನು ತಡಮಾಡಿದ ನೌಕರ. ಸರ್ಕಾರಿ ಗುಮಾಸ್ತರಾದ ನಮಗೆ ಇದರ ಮರ್ಮ ಚೆನ್ನಾಗಿ ಗೊತ್ತು. ಸಂಖ್ಯೆಯಿಲ್ಲದ ಕಾಗದ ಕಡತಗಳ ಅಡಿ ಸೇರುವುದು ಸುಲಭ. ಸಂಖ್ಯೆ, ದಿನಾಂಕ ಬಿದ್ದ ಕಾಗದಕ್ಕೆ ಯಾರಾದರೊಬ್ಬರು ಉತ್ತರ ಹೇಳಲೇಬೇಕು.

ಮಾಹಿತಿ ಹಕ್ಕಿನಲ್ಲೂ ಕರ್ನಾಟಕ 2000ದಲ್ಲೇ ಶಾಸನ ಮಾಡಿತ್ತು. ಕೇಂದ್ರದ ಕಾಯಿದೆ ಬಂದದ್ದು 2005ರಲ್ಲಿ. ಇಂದು ಇಂದಿರಾಪುರಂನಲ್ಲಿ ಕುಳಿತು ಹಾಸನದ ಹೊಲದ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಕೇಂದ್ರದ ಇಲಾಖೆಗೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಕೇಳಬಹುದು.

ಆದರೆ ಯಂತ್ರವನ್ನೇ ನಂಬಿ ಕೂರುವಂತಿಲ್ಲ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಯಂತ್ರ ಆ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ. ಓದುಬರಹ ಬಾರದವರಿಗೆ ಇಂದಿಗೂ ಮಧ್ಯವರ್ತಿ ಬೇಕು. ಚರಂಡಿಯ ದೂರು ‘ವಿಲೇವಾರಿಯಾಗಿದೆ’ ಎಂಬ ಸಂದೇಶ ಮೊಬೈಲಿಗೆ ಬಂದರೂ ಚರಂಡಿಯಲ್ಲಿ ನೀರು ನಿಂತೇ ಇರುವುದನ್ನು ನಾವೂ ಕಂಡಿದ್ದೇವೆ. ಆಗ ಯಂತ್ರ ಸುಮ್ಮನಾಗುತ್ತದೆ, ಮನುಷ್ಯರು ಸುಮ್ಮನಾಗಬಾರದು. ಹತ್ತು ಮನೆಯವರು ಸೇರಿ, ಅದೇ ಸಂಖ್ಯೆಯನ್ನು ಉಲ್ಲೇಖಿಸಿ, ಮತ್ತೆ ಬರೆಯಬೇಕು.

ಹೊರನಾಡಿನಲ್ಲಿರುವ ನಾವು ನಾಡಹಬ್ಬಕ್ಕೆ, ರಾಜ್ಯೋತ್ಸವಕ್ಕೆ ತಪ್ಪದೆ ಒಂದುಗೂಡುತ್ತೇವೆ. ನಮ್ಮ ಬಡಾವಣೆಯ ನೀರು, ದೀಪ, ರಸ್ತೆಗಳಿಗಾಗಿ ನೆರೆಹೊರೆಯ ಹಿಂದಿ ಬಂಧುಗಳೊಡನೆ ಅಷ್ಟೇ ಶ್ರದ್ಧೆಯಿಂದ ಒಂದುಗೂಡಿದರೆ, ರಂಗಾಚಾರ್ಲು ಅವರು ದಸರೆಯಲ್ಲಿ ಆರಂಭಿಸಿದ ಪದ್ಧತಿಯನ್ನು ಗಾಜಿಯಾಬಾದಿನಲ್ಲೂ ಮುಂದುವರಿಸಿದಂತಾದೀತು.